ಮೂರು ಮೀಟರ್ ಪಡಸಾಲೆ, ಐವತ್ತು ದಿನದ ನಡಿಗೆ

ಜೂನ್ ಹನ್ನೊಂದು, ಬುಧವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬಸವಕಲ್ಯಾಣದ ಆ ಮನೆಯ ಪಡಸಾಲೆಯ ಗೋಡೆಗೆ ನಡಿಗೆ ಅಳೆಯುವ ಮೊದಲ ಡಬ್ಬಿ ಅಂಟಿಸಿದೆ. ಎರಡನೆಯದನ್ನು ಅಂಟಿಸಿ ಮುಗಿಸಿದಾಗ ಹತ್ತೂ ನಲವತ್ತೈದು. ಎರಡರ ನಡುವಿನ ಅಂತರವನ್ನು ಟೇಪು ಹಿಡಿದು ಮೂರು ಸಲ ಅಳೆದೆ: ಮೂರು ಮೀಟರ್. ನೆಲದಿಂದ ಮೊಣಕಾಲಿನಷ್ಟು ಎತ್ತರ. ಡೈರಿಯ ಆ ದಿನದ ಪುಟದಲ್ಲಿ ಇಷ್ಟೇ ಇದೆ, ಕೊನೆಗೆ ಒಂದು ಸಾಲು: "ಮನೆ 7. ಹೆಂಗಸು, ಎಪ್ಪತ್ತೆಂಟು."

ಕೆಲಸ ಹೀಗಿತ್ತು. ವಯಸ್ಸಾದವರು ತಮ್ಮ ಮನೆಯೊಳಗೆ ದಿನವೂ ನಡೆಯುವ ನಡಿಗೆಯನ್ನು ಅವರಿಗೆ ತೊಂದರೆಯಾಗದಂತೆ ಅಳೆಯುವುದು. ಕೆಲವೇ ವಾರಗಳಲ್ಲಿ ನಡಿಗೆ ನಿಧಾನವಾದರೆ ಅವರು ಬೀಳುವ ಸಂಭವ ಹೆಚ್ಚು. ಹಾಗೆ ಕಂಡ ಕೂಡಲೇ ಫಿಸಿಯೋಥೆರಪಿಸ್ಟರನ್ನು ಮನೆಗೆ ಕಳಿಸುವುದು. ನನಗೆ ಒಪ್ಪಿಸಿದ್ದು ಹನ್ನೆರಡು ಮನೆ: ಕಲ್ಯಾಣದಲ್ಲಿ ಆರು, ಹುಮನಾಬಾದಿನಲ್ಲಿ ಮೂರು, ಹುಡಗಿಯಲ್ಲಿ ಎರಡು, ದುಬಲಗುಂಡಿಯಲ್ಲಿ ಒಂದು. ನನ್ನ ಬಾಡಿಗೆ ಕೋಣೆ ಹುಮನಾಬಾದಿನಲ್ಲಿ. ಕಚೇರಿ ಎಂದರೆ ಅಲ್ಲಿನ ಒಂದು ಫಿಸಿಯೋಥೆರಪಿ ಕೇಂದ್ರದ ಹಿಂಭಾಗದಲ್ಲಿ ಪ್ಲೈವುಡ್ ಹಲಗೆ ಅಡ್ಡವಿಟ್ಟು ಮಾಡಿಕೊಟ್ಟ ಒಂದು ಮೇಜು.

ನಾನು ಚಾಮರಾಜನಗರದ ಕಡೆಯವಳು. ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದವಳು. ಇಲ್ಲಿಗೆ ಬಂದ ಮೊದಲ ವಾರದಿಂದಲೇ ಡೈರಿಯ ಕೊನೆಯ ಪುಟಗಳಲ್ಲಿ ನನಗೆ ಗೊತ್ತಿಲ್ಲದ ಮಾತುಗಳನ್ನು ಪಟ್ಟಿ ಮಾಡುತ್ತಿದ್ದೆ. ದವಾಖಾನಿ ಎಂದರೆ ಆಸ್ಪತ್ರೆ. ಆರಾಮ ಇಲ್ಲ ಎಂದರೆ ಹುಷಾರಿಲ್ಲ. ಸಂಗಾಟ ಎಂದರೆ ಜೊತೆಗೆ. ಜುಲೈ ಮಧ್ಯದ ಹೊತ್ತಿಗೆ ಪಟ್ಟಿಯಲ್ಲಿ ನೂರಾ ಹದಿನಾಲ್ಕು ಪದಗಳಿದ್ದವು. ಆ ಪಟ್ಟಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮನೆ ಏಳರ ಮುಂಭಾಗದಲ್ಲಿ ಖಾನಾವಳಿ. ಹಿಂದೆ ಪಡಸಾಲೆ, ಪಡಸಾಲೆಯ ಒಂದು ತುದಿಗೆ ಹಿರಿಯ ಹೆಂಗಸಿನ ಕೋಣೆ, ಇನ್ನೊಂದು ತುದಿಗೆ ಬಚ್ಚಲು. ಮನೆಯಲ್ಲಿ ಒಂಬತ್ತು ಜನ. ಮೊಮ್ಮಕ್ಕಳೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಆಯಿ ನಲವತ್ತು ವರ್ಷ ಅದೇ ಖಾನಾವಳಿಗೆ ಜೋಳದ ರೊಟ್ಟಿ ಬಡಿದವರು. ಈಗ ಆ ಜಾಗದಲ್ಲಿ ಸೊಸೆ ಕೂತಿದ್ದರು. ಆಯಿ ಪಕ್ಕದಲ್ಲಿ ಕೂತು "ಅಂಚು ಹರಿಲಾಕತ್ತದ ನೋಡ" ಎಂದು ತಪ್ಪು ತೋರಿಸುವುದು, ಸೊಸೆ "ಹೌದ್ರಿ ಅತ್ತಿ, ಗಿರಾಕಿ ಅಂಚೇ ಅಳೀತಾರ" ಎನ್ನುವುದು, ನಾನು ಹೋದಾಗಲೆಲ್ಲ ಕೇಳುತ್ತಿತ್ತು.

ಡಬ್ಬಿಗಳಿಂದ ಕಣ್ಣಿಗೆ ಕಾಣದ ಕಿರಣ ಎದುರು ಗೋಡೆಗೆ ಹೋಗುತ್ತದೆ. ಕಾಲು ಅಡ್ಡ ಬಂದ ಕ್ಷಣವನ್ನು ಡಬ್ಬಿ ಬರೆದುಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಲೆಕ್ಕ. ಆದರೆ ಒಂಬತ್ತು ಜನ ಓಡಾಡುವ ಪಡಸಾಲೆಯಲ್ಲಿ ದಾಟಿದ್ದು ಯಾರ ಕಾಲು? ಅದಕ್ಕಾಗಿ ನಾಣ್ಯದಷ್ಟು ದೊಡ್ಡ ಒಂದು ಬಿಲ್ಲೆ ಇರುತ್ತದೆ. ಅದು ಮೈಮೇಲಿದ್ದವರ ಗುರುತನ್ನು ಡಬ್ಬಿ ಹಿಡಿಯುತ್ತದೆ. ಡಬ್ಬಿ ತಯಾರಿಸಿದ ಕಂಪನಿಯ ಸೂಚನೆಯಲ್ಲಿ ಬಿಲ್ಲೆಯನ್ನು ಕೊರಳಿಗೆ ಹಾಕಬೇಕೆಂದಿತ್ತು.

ಆಯಿ ಒಪ್ಪಲಿಲ್ಲ. "ಇಲ್ಲಿ ಲಿಂಗ ಅದ ತಂಗಿ. ಅದರ ಮಗ್ಗಲಕ್ಕ ನಿನ್ನ ಬಿಲ್ಲಿ ಕಟ್ಟಾಕ ಬರಂಗಿಲ್ಲ."

"ಕೈಗೆ ಕಟ್ಟಲಾ ಆಯಿ?"

"ಕೈ ನೀರಾಗ ಇರತದ." ಆಮೇಲೆ ತಾವೇ ಸೊಂಟದಿಂದ ಎಲೆ ಅಡಿಕೆಯ ಚಂಚಿ ಬಿಚ್ಚಿ ನನ್ನ ಮುಂದೆ ಹಿಡಿದರು. ಬಣ್ಣ ಮಾಸಿದ, ನಾಲ್ಕು ಪದರಿನ ಬಟ್ಟೆಯ ಚೀಲ. "ಇದರಾಗ ಹಾಕ. ಇದು ನಾ ಸತ್ತ ಮ್ಯಾಲ ಕುಣಿಯಾಗೂ ನನ್ನ ಸಂಗಾಟ ಬರತದ."

ನಾನು ಬಿಲ್ಲೆಯನ್ನು ಸುಣ್ಣದ ಡಬ್ಬಿಯ ಪಕ್ಕದ ಪದರಿಗೆ ಹಾಕಿದೆ. ಒಪ್ಪಿಗೆಯ ಹಾಳೆಗೆ ಹೆಬ್ಬೆಟ್ಟು ಒತ್ತುವ ಮೊದಲು ಆಯಿ ಒಂದು ಷರತ್ತು ಹಾಕಿದರು. ಅದನ್ನು ಆ ದಿನವೇ ಬರೆದುಕೊಂಡಿದ್ದೆ, ಹಾಗಾಗಿ ಒಂದಕ್ಷರವೂ ಬದಲಾಗಿಲ್ಲ:

"ನಿನ್ನ ಮಶೀನಿಗಿ ಒಂದ ಮಾತ ಹೇಳ. ನಾ ಇರೋತನಕ ಬಚ್ಚಲಕ್ಕ ನನ್ನ ಕಾಲಾಗ ಹೋಗಬೇಕು. ಯಾರೂ ಎತ್ತಿ ಒಯ್ಯಬಾರದು. ಅದು ತಪ್ಪತದ ಅಂತ ಅದಕ್ಕ ಗೊತ್ತಾದ್ರ ಮೊದಲ ನನಗ ಹೇಳಬೇಕು. ಸೊಸಿಗಲ್ಲ, ಡಾಕ್ಟರಗಲ್ಲ. ನನಗ."

"ಹೇಳುತ್ತದೆ ಆಯಿ," ಎಂದೆ.

ಇನ್ನೊಂದು ಕೆಲಸವೂ ಇತ್ತು. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಎಲ್ಲ ಮನೆಗಳಿಗೂ ಫೋನು ಮಾಡಿ ಮನೆಯವರಿಂದ ಐದು ಪ್ರಶ್ನೆಗಳಿಗೆ ಉತ್ತರ ಪಡೆಯುವುದು. ಪ್ರಶ್ನೆಗಳ ಹಾಳೆ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದವಳು ನಾನೇ. ಎರಡು ಸಂಜೆ ಕೂತು ಮಾಡಿದ್ದೆ. ನಡಿಗೆಯ ಪ್ರಶ್ನೆಗೆ "ವೇಗ, ಸಾಧಾರಣ, ನಿಧಾನ" ಎಂದು ಬರೆದು ಹೊಡೆದುಹಾಕಿದೆ. ಹಿರಿಯರು ಹಾಗೆ ಮಾತಾಡುವುದಿಲ್ಲ ಅನ್ನಿಸಿತು. ನನ್ನ ಅಜ್ಜಿ ಕಾಲು ಭಾರ ಎನ್ನುತ್ತಿದ್ದರು. ಜ್ವರ ಬಿಟ್ಟಾಗ ಮೈ ಹಗುರವಾಯಿತು ಎನ್ನುತ್ತಿದ್ದರು. ಹಾಳೆಯಲ್ಲಿ ಹೀಗೆ ಅಚ್ಚಾಯಿತು: "ನಡಿಗೆ ಹೇಗಿದೆ? ಹಗುರ / ಸಾಧಾರಣ / ಭಾರ."

ಮೊದಲ ಎರಡು ವಾರ ಆಯಿ ಆ ಮೂರು ಮೀಟರ್ ದಾಟಲು ತೆಗೆದುಕೊಂಡ ಸರಾಸರಿ ಹೊತ್ತು 4.2 ಸೆಕೆಂಡು. ಇದೇ ಅವರ ಅಳತೆಗೋಲು. ಮೂರನೆಯ ವಾರ 4.4, ನಾಲ್ಕನೆಯ ವಾರ 4.8, ಐದನೆಯ ವಾರ 5.3. ಮೂಲ ಅಳತೆಗಿಂತ ಐದನೇ ಒಂದು ಭಾಗ ಹೆಚ್ಚಾದರೆ ನನ್ನ ಕಂಪ್ಯೂಟರ್ ಪರದೆಯ ಮೇಲೆ ಆ ಮನೆಯ ಸಾಲು ಕೆಂಪಾಗುತ್ತದೆ. ಜುಲೈ ಹದಿನಾರರ ಬೆಳಿಗ್ಗೆ ಮನೆ ಏಳು ಕೆಂಪಾಯಿತು.

ಕೆಂಪಾದ ಕೂಡಲೇ ಫಿಸಿಯೋಥೆರಪಿಸ್ಟರನ್ನು ಕಳಿಸುವಂತಿಲ್ಲ. ಮೊದಲು ಮನೆಯವರ ಮಾತಿನೊಂದಿಗೆ ತಾಳೆ ನೋಡಬೇಕು. ಎರಡೂ ಹೊಂದಿದರೆ ಕಳಿಸಬೇಕು, ಹೊಂದದಿದ್ದರೆ ಸಾಧನ ಪರೀಕ್ಷಿಸಬೇಕು. ಮರುದಿನವೇ ಗುರುವಾರ. ಫೋನಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಈ ವಾರ ನಡಿಗೆ ಹೇಗಿದೆ? ಹಗುರವೋ, ಭಾರವೋ?"

ಸದ್ದು ನಿಂತಿತು. "ಹಗೂರ್ರಿ ಮೇಡಂ," ಎಂದರು ಸೊಸೆ. "ಹ್ವಾದ ವಾರಕ್ಕಿಂತ ಹಗೂರ."

"ತುಂಬಾ ಒಳ್ಳೆಯದು."

"ಚಲೋ ಏನ್ರಿ ಹಂಗಂದ್ರ?"

"ಹೌದು, ಒಳ್ಳೆಯ ಲಕ್ಷಣ. ಆಯಿಗೂ ಹೇಳಿ."

"ಹೇಳ್ತೀನ್ರಿ."

ಹಾಳೆಯಲ್ಲಿ "ಹಗುರ" ಎಂಬುದರ ಮುಂದೆ ಗುರುತು ಹಾಕಿದೆ. ಹಿಂದಿನ ಎರಡು ವಾರಗಳಲ್ಲೂ ಅದೇ ಗುರುತಿತ್ತು. ಮನೆಯವರು ಸುಧಾರಿಸಿದೆ ಎನ್ನುತ್ತಿದ್ದಾರೆ, ಡಬ್ಬಿ ಹದಗೆಟ್ಟಿದೆ ಎನ್ನುತ್ತಿದೆ. ಹಾಗಾದರೆ ಹದಗೆಟ್ಟಿರುವುದು ಡಬ್ಬಿಯೇ.

ಕಂಪನಿಯ ತಂತ್ರಜ್ಞನಿಗೆ ಫೋನು ಮಾಡಿದೆ. ಬಿಲ್ಲೆಯ ಪಕ್ಕ ಲೋಹದ ವಸ್ತು ಏನಾದರೂ ಇದೆಯೇ ಎಂದು ಆತ ಕೇಳಿದ. ಸುಣ್ಣದ ಡಬ್ಬಿ ನೆನಪಾಯಿತು. ಲೋಹ ಅಡ್ಡ ಬಂದರೆ ಎರಡನೆಯ ಡಬ್ಬಿ ಬಿಲ್ಲೆಯನ್ನು ತಡವಾಗಿ ಗುರುತಿಸಬಹುದು, ಆ ತಡವೇ ಸೆಕೆಂಡುಗಳಾಗಿ ಸೇರುತ್ತಿರಬಹುದು ಎಂದ. ಒಪ್ಪುವಂಥ ವಿವರಣೆ. ಒಪ್ಪಿದೆ.

ಜುಲೈ ಹದಿನೆಂಟು, ಶುಕ್ರವಾರ, ಕಲ್ಯಾಣ. ಚಂಚಿಯ ಹೊರಬದಿಗೆ ಬೇರೆ ಜೇಬು ಹೊಲಿಸಿ ಬಿಲ್ಲೆಯನ್ನು ಅದಕ್ಕೆ ಹಾಕಿದೆ. ಡಬ್ಬಿಗಳನ್ನು ಬಿಚ್ಚಿ ಒರೆಸುವಾಗ, ಒಂದು ಸಲ ನಡೆದು ತೋರಿಸಿ ಎಂದು ಆಯಿಯನ್ನು ಕೇಳಿ, ಮೊಬೈಲಿನ ಸ್ಟಾಪ್‌ವಾಚು ಹಿಡಿದೆ. ಆಯಿ ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ನಿಂತವರಂತೆ ಬೆನ್ನು ನೆಟ್ಟಗೆ ಮಾಡಿ ನಡೆದರು. 4.6 ಸೆಕೆಂಡು.

"ಪಾಸ್ ಆದೆನೇನ ತಂಗಿ?"

"ಪಾಸ್ ಆಯಿ."

"ಆಕಿಗಿ ಹೇಳ. ಆಕಿ ನನ್ನ ಮುದಕಿ ಅಂತಾಳ."

"ನಾ ಯಾವಾಗ ಅಂದೆನ್ರಿ?" ಎಂದು ಒಳಗಿಂದ ಸೊಸೆಯ ದನಿ ಬಂತು.

ಯಾರಾದರೂ ನೋಡುತ್ತಿರುವಾಗ ಎಲ್ಲರೂ ಚೆನ್ನಾಗಿ ನಡೆಯುತ್ತಾರೆ. ಅದಕ್ಕಾಗಿಯೇ ನೋಡುವವರ ಬದಲು ಡಬ್ಬಿ ಇಡುವುದು. ಇದು ನನಗೆ ತರಬೇತಿಯ ಮೊದಲ ದಿನವೇ ಹೇಳಿಕೊಟ್ಟ ಪಾಠ. ಆದರೂ ಆವತ್ತು ನಾನು ಬರೆದದ್ದು: "ಡಬ್ಬಿ 5.3, ಸ್ಟಾಪ್‌ವಾಚು 4.6. ಡಬ್ಬಿಯಲ್ಲಿ ತಪ್ಪು."

ನಡೆದು ಮುಗಿಸಿ ಆಯಿ ಗೋಡೆಗೆ ಕೈಯಿಟ್ಟು ನಿಂತರು. ನೆಲದ ಶಹಾಬಾದ್ ಕಲ್ಲನ್ನು ಅಂಗಾಲಿನಿಂದ ಒಂದೆರಡು ಸಲ ಸವರಿ, "ಒಂದೊಂದ ಸಲ ನೆಲ ತಿಳಿವಲ್ದು ತಂಗಿ" ಎಂದರು. ಕಲ್ಲು ನುಣುಪಾಗಿದೆ ಎನ್ನುತ್ತಿರಬಹುದು ಅಂದುಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ಪಟ್ಟಿಗೆ ಸೇರಿಸಿದೆ: "115. ನೆಲ ತಿಳಿವಲ್ದು = ?" ಆ ಪ್ರಶ್ನಾರ್ಥಕ ಚಿಹ್ನೆಯನ್ನು ಯಾರ ಮುಂದೆಯೂ ಇಡಲಿಲ್ಲ.

ಆರನೆಯ ವಾರ 5.7. ಸಾಲು ಮತ್ತೆ ಕೆಂಪು. ಜುಲೈ ಇಪ್ಪತ್ನಾಲ್ಕು, ಗುರುವಾರ, ಸೊಸೆ: "ಭಾಳ ಹಗೂರ ಆಗ್ಯಾದ್ರಿ ಮೇಡಂ. ನೀವು ಚಲೋ ಅಂದೀರಿ ಅಂತ ಹೇಳೀನಿ. ಅತ್ತಿಯವರಿಗಿ ಖುಷಿ ಆಗೇದ."

ಅದೇ ಸಂಜೆ ಐದೂ ನಲವತ್ತಕ್ಕೆ ನಿರ್ಧಾರ ಮಾಡಿದೆ. ಮನೆ ಏಳರ ಮುಂದೆ "ಸಾಧನ ದೋಷ" ಎಂದು ಗುರುತಿಸಿದೆ. ಹಾಗೆ ಗುರುತಿಸಿದ ಮನೆಯ ಸಾಲು ಬೂದು ಬಣ್ಣಕ್ಕೆ ತಿರುಗುತ್ತದೆ. ಹೊಸ ಡಬ್ಬಿ ಬರುವವರೆಗೆ ಎಚ್ಚರಿಕೆ ಕೊಡುವುದಿಲ್ಲ. ಹೊಸ ಡಬ್ಬಿಗೆ ಹತ್ತು ದಿನ ಎಂದಿದ್ದರು ಕಂಪನಿಯವರು. ಆ ದಿನದ ಡೈರಿಯಲ್ಲಿ "ಬಾಕಿ ಕೆಲಸ ಯಾವುದೂ ಇಲ್ಲ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಜುಲೈ ಮೂವತ್ತು, ಬುಧವಾರ, ಐವತ್ತನೆಯ ದಿನ. ಬೆಳಿಗ್ಗೆ ಏಳೂ ಐದಕ್ಕೆ ಸೊಸೆಯ ಫೋನು. "ಅತ್ತಿ ಬಿದ್ದಾರ್ರಿ. ಬಚ್ಚಲಕ್ಕ ಹೋಗಾಕತ್ತಿದ್ರು. ಏಳಾಕ ಬರವಲ್ದು." ನಾನು ಕಲ್ಯಾಣ ಮುಟ್ಟುವಷ್ಟರಲ್ಲಿ ಆಯಿಯನ್ನು ಕಲಬುರಗಿಗೆ ಒಯ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಗಸ್ಟ್ ಒಂದಕ್ಕೆ ಶಸ್ತ್ರಚಿಕಿತ್ಸೆ.

ಪಡಸಾಲೆಯಲ್ಲಿ ಕೂತು ಡಬ್ಬಿಯ ದಾಖಲೆ ತೆರೆದೆ. ಮೊದಲ ಡಬ್ಬಿ: ಆರು ಗಂಟೆ ಎಂಟು ನಿಮಿಷ ಹದಿನಾಲ್ಕು ಸೆಕೆಂಡಿಗೆ ದಾಟಿದ ಗುರುತು. ಎರಡನೆಯ ಡಬ್ಬಿ: ಇಲ್ಲ.

ಆಗಲೂ ನನಗೆ ಗೊತ್ತಾಗಿರಲಿಲ್ಲ. ಸುಧಾರಿಸುತ್ತಿದ್ದವರು ಅಕಸ್ಮಾತ್ತಾಗಿ ಬಿದ್ದರು ಎಂದೇ ನಂಬಿದ್ದೆ. ವರದಿಯನ್ನೂ ಹಾಗೇ ಬರೆದೆ.

ಆಗಸ್ಟ್ ನಾಲ್ಕು, ಸೋಮವಾರ, ಹನ್ನೊಂದೂವರೆ, ಹುಮನಾಬಾದ್. ನಾನು ನನ್ನ ಮೇಜಿನ ಮುಂದೆ. ಪ್ಲೈವುಡ್ಡಿನ ಆಚೆ ಫಿಸಿಯೋಥೆರಪಿಸ್ಟ್ ಪಾರ್ಶ್ವವಾಯುವಾದ ಹಿರಿಯರೊಬ್ಬರಿಗೆ ವಾಕರ್ ಹಿಡಿದು ನಡೆಯುವುದನ್ನು ಕಲಿಸುತ್ತಿದ್ದರು. ಈ ಫಿಸಿಯೋಥೆರಪಿಸ್ಟ್ ಚಿಟಗುಪ್ಪದವರು, ಮಾತಿನ ಮಲ್ಲ.

"ಕಾಕಾ, ಇಷ್ಟ ಹಗೂರ ನಡೆದ್ರ ಹ್ಯಾಂಗ್ರಿ? ಚಿಟಗುಪ್ಪಾ ಬಸ್ ಹೋಗಿ ತಿರಿಗಿ ಬರತದ, ನೀವು ಇನ್ನಾ ಬಾಗಿಲದಾಗೇ ಇರತೀರಿ. ಜರಾ ಜಲ್ದಿ ಎತ್ರಿ ಕಾಲ."

"ನಿನಗ್ಯಾಕ ಅವಸರ?" ಎಂದರು ಕಾಕಾ. "ಇವತ್ತ ನಿನ್ನ ಮದಿವಿ ಅದ ಏನ?"

ಅಲ್ಲಿದ್ದವರೆಲ್ಲ ನಕ್ಕರು. ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು.

ಎದ್ದು ಹಲಗೆಯ ಆಚೆ ಹೋದೆ. "ಸರ್, ಹಗೂರ ಎಂದರೆ ಏನು?"

"ಹಗೂರ ಅಂದ್ರ ಹಗೂರ ಮೇಡಂ," ಎಂದರು, ಇದೇನು ಪ್ರಶ್ನೆ ಎಂಬಂತೆ. ಆಮೇಲೆ ನನ್ನ ಮುಖ ನೋಡಿದರು. "ನಿಧಾನ. ನಿಮ್ಮ ಕಡೆ ನಿಧಾನ ಅಂತೀರಲ್ಲ, ಅದು. ಯಾಕ್ರಿ?"

ಹಾಳೆಗಳನ್ನು ತಂದು ಅವರ ಮುಂದೆ ಇಟ್ಟೆ. ಮನೆ ಏಳರ ಹಾಳೆಗಳನ್ನು ಒಂದೊಂದಾಗಿ ನೋಡಿದರು, ಪಕ್ಕದಲ್ಲಿದ್ದ ಸೆಕೆಂಡುಗಳನ್ನೂ ನೋಡಿದರು. "ನನ್ನ ಒಂದ ಮಾತ ಕೇಳಬೇಕಿತ್ತು ನೀವು," ಎಂದರು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಆ ಪದವನ್ನು ಅದೇ ಹಲಗೆಯ ಆಚೆಯಿಂದ ಎರಡು ತಿಂಗಳಲ್ಲಿ ಎಷ್ಟು ಸಲ ಕೇಳಿದ್ದೆನೋ, ಲೆಕ್ಕವಿಲ್ಲ. ಪಟ್ಟಿಗೆ ಸೇರಿಸಿರಲಿಲ್ಲ, ಏಕೆಂದರೆ ಅದು ನನಗೆ ಗೊತ್ತಿದ್ದ ಪದ.

ಆ ದಿನವೇ ಹನ್ನೆರಡೂ ಮನೆಗಳ ಹಾಳೆ ತೆಗೆದೆ. ಒಟ್ಟು ಎಂಬತ್ಮೂರು ಕರೆ. "ಹಗುರ" ಎಂಬ ಗುರುತು ಇಪ್ಪತ್ತೊಂದು ಸಲ, ಏಳು ಮನೆಗಳಲ್ಲಿ. ಮನೆ ಏಳನ್ನು ಬಿಟ್ಟು ಉಳಿದ ಆರಕ್ಕೂ ಮತ್ತೆ ಫೋನು ಮಾಡಿ, ಈ ಸಲ "ಜಲ್ದಿಯೋ, ಹಗೂರೋ" ಎಂದು ಕೇಳಿದೆ. ನಾಲ್ಕು ಮನೆಗಳಲ್ಲಿ ನಿಧಾನ ಎಂದೇ ಅರ್ಥ. ಒಬ್ಬರಿಗೆ ನೆನಪಿರಲಿಲ್ಲ. ಒಬ್ಬರು ಮಾತ್ರ ನಾನು ಅಂದುಕೊಂಡ ಅರ್ಥದಲ್ಲೇ ಹೇಳಿದ್ದರು. ಅವರು ಮೈಸೂರಿನಿಂದ ಬಂದ ಸೊಸೆ. ಫಿಸಿಯೋಥೆರಪಿಸ್ಟ್ ಮೂರು ದಿನದಲ್ಲಿ ಆ ನಾಲ್ಕೂ ಮನೆಗೆ ಹೋಗಿ ಬಂದರು. ದುಬಲಗುಂಡಿಯ ಹಿರಿಯರಿಗೆ ಕೋಲು ಕೊಟ್ಟು, ಕಾಲಿನ ವ್ಯಾಯಾಮ ಹೇಳಿಕೊಟ್ಟರು. ಅವರ ಸೆಕೆಂಡುಗಳು ಈಗ ಇಳಿಯುತ್ತಿವೆ. ಇದನ್ನು ಬರೆಯುವಾಗ ನನಗೆ ಸಮಾಧಾನವಾಗಬೇಕಿತ್ತು.

ಎರಡು ವಾರ ಮೊದಲೇ ಹೋಗಿದ್ದರೆ ಆಯಿ ಬೀಳುತ್ತಿರಲಿಲ್ಲವೇ ಎಂದು ಫಿಸಿಯೋಥೆರಪಿಸ್ಟರನ್ನು ಕೇಳಿದೆ. "ಖರೇ ಹೇಳಬೇಕಂದ್ರ ಗೊತ್ತಿಲ್ಲ ಮೇಡಂ. ಕೈಯಾಗ ಕೋಲರೆ ಇರತಿತ್ತು."

ಆಗಸ್ಟ್ ಹದಿನಾಲ್ಕು, ಗುರುವಾರ. ಆಯಿ ಮನೆಗೆ ಬಂದು ಎರಡು ದಿನವಾಗಿತ್ತು. ಮಂಚವನ್ನು ಪಡಸಾಲೆಗೇ ತಂದು ಹಾಕಿದ್ದರು, ಸರಿಯಾಗಿ ಎರಡು ಡಬ್ಬಿಗಳ ನಡುವೆ. ಮೊದಲು ಸೊಸೆಗೆ ಹೇಳಿದೆ. ಅವರು ಹಿಟ್ಟಿನ ಕೈಯನ್ನು ತೊಳೆಯದೆ ಹಾಗೇ ನಿಂತು ಕೇಳಿದರು.

"ನಾ ವಾರಾ ವಾರಾ ಹೇಳೀನಲ್ರಿ ಮೇಡಂ."

"ಹೌದು. ಹೇಳಿದ್ದೀರಿ."

"ನೀವು ಚಲೋ ಅಂದ್ರಿ. ನಾವು ಏನ ತಿಳಕೊಂಡೆವು ಅಂದ್ರ, ವಯಸ್ಸಾದವರು ಹಗೂರ ನಡೆದ್ರ ಬೀಳಂಗಿಲ್ಲ, ಅದಕ್ಕ ಚಲೋ ಅಂತಾರ ಅಂತ. ಮತ್ತ ಇನ್ನಾ ಹಗೂರ ನಡೀರಿ ಅಂತ ನಾನೇ ಹೇಳೀನಿ ಅವರಿಗಿ." ಅವರ ಕಣ್ಣು ತುಂಬಿತು. ಅಷ್ಟು ದಿನ ಈ ತಪ್ಪನ್ನು ನನ್ನೊಬ್ಬಳದು ಎಂದುಕೊಂಡಿದ್ದೆ. ಅದರ ಒಂದು ಪಾಲನ್ನು ನನಗೆ ಗೊತ್ತಿಲ್ಲದೆ ಅವರ ತಲೆಯ ಮೇಲೂ ಹೊರಿಸಿದ್ದೆ.

ಆಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಇಲ್ಲಿ ಬಾ ತಂಗಿ," ಎಂದರು. ಮಂಚದ ಪಕ್ಕ ನೆಲದ ಮೇಲೆ ಕೂತೆ.

"ನಿಮ್ಮ ಕಡಿ ಹಗೂರ ಅಂದ್ರ ಏನಂತ?"

"ತೂಕ ಇಲ್ಲದ್ದು ಆಯಿ. ಎತ್ತಲು ಭಾರ ಅನ್ನಿಸದೇ ಇರುವುದು."

ಆಯಿ ಆ ಮಾತನ್ನು ಬಾಯಲ್ಲಿ ಎಲೆ ಅಡಿಕೆಯಂತೆ ಒಂದಿಷ್ಟು ಹೊತ್ತು ಇಟ್ಟುಕೊಂಡರು. "ಮಶೀನು ಹೇಳಿತ್ತೇನ ಮತ್ತ?"

"ಹೇಳಿತ್ತು. ಎರಡು ಸಲ."

"ನನಗ ಹೇಳ ಅಂದಿದ್ದೆ."

"ಹೌದು ಆಯಿ."

ಸ್ವಲ್ಪ ಹೊತ್ತಿನ ಮೇಲೆ ಆಯಿ ಬಚ್ಚಲಿಗೆ ಹೋಗಬೇಕೆಂದರು. ಸೊಸೆ ಬಂದು ಒಂದು ಕೈ ಬೆನ್ನ ಕೆಳಗೆ, ಒಂದು ಕೈ ಮೊಣಕಾಲಿನ ಕೆಳಗೆ ಹಾಕಿ ಒಬ್ಬರೇ ಎತ್ತಿದರು. ಶಸ್ತ್ರಚಿಕಿತ್ಸೆಯ ನಂತರ ಆಯಿ ಊಟ ಬಿಟ್ಟಿದ್ದರು. ಎತ್ತುವಾಗ ಸೊಸೆಗೆ ಉಸಿರೂ ಬಿಗಿಯಲಿಲ್ಲ. ಸೊಸೆಯ ತೋಳಿನಲ್ಲಿ ನನ್ನನ್ನು ದಾಟಿ ಹೋಗುವಾಗ ಆಯಿ ನನ್ನ ಕಡೆ ತಿರುಗಿ, ನಗುವುದಕ್ಕೆ ನೋಡಿದರು.

"ಈಗ ನಿನ್ನ ಹಗೂರ ಆಗೀನಿ ನೋಡ ತಂಗಿ."

ಎರಡನೆಯ ಡಬ್ಬಿಯ ದೀಪ ಒಮ್ಮೆ ಮಿನುಗಿತು. ಸೊಸೆಯ ಕಾಲು, ಆಯಿಯ ಬಿಲ್ಲೆ. ಆ ದಾಟುವಿಕೆ ಆಯಿಯ ಹೆಸರಿನಲ್ಲೇ ದಾಖಲಾಗಿದೆ. ನಾನು ಅದನ್ನು ಅಳಿಸಿಲ್ಲ.

ಆಗಸ್ಟ್ ಮೂವತ್ತೊಂದು, ಭಾನುವಾರ ಮಧ್ಯಾಹ್ನ ಆಯಿ ತೀರಿಕೊಂಡರು. ಸೆಪ್ಟೆಂಬರ್ ಎಂಟಕ್ಕೆ ಡಬ್ಬಿಗಳನ್ನು ತೆಗೆಯಲು ಹೋದೆ. ಗೋಡೆಯ ಮೇಲೆ ಅಂಟಿನ ಎರಡು ಚೌಕ ಗುರುತು ಉಳಿದವು. ಒದ್ದೆ ಬಟ್ಟೆಯಿಂದ ಒರೆಸಿದರೂ ಪೂರ್ತಿ ಹೋಗಲಿಲ್ಲ. ಬಿಲ್ಲೆಯ ಬಗ್ಗೆ ನಾನು ಕೇಳಲಿಲ್ಲ. ಸೊಸೆಯೇ ಹೇಳಿದರು: "ಚಂಚಿ ಕುಣಿಯಾಗ ಅವರ ಸಂಗಾಟೇ ಇಟ್ಟೆವ್ರಿ. ಬಿಲ್ಲಿ ತೆಗಿಯೋದು ನೆನಪಾಗಲಿಲ್ಲ." ಸಾಮಾನಿನ ಪಟ್ಟಿಯಲ್ಲಿ ಬರೆದೆ: "ಡಬ್ಬಿ ಎರಡು, ಬಂದಿವೆ. ಬಿಲ್ಲೆ ಒಂದು, ಬಂದಿಲ್ಲ." ಕಾರಣದ ಅಂಕಣ ಖಾಲಿ ಬಿಟ್ಟಿದ್ದೇನೆ.

ಪ್ರಶ್ನೆಗಳ ಹಾಳೆಯನ್ನು ಮತ್ತೆ ಬರೆಯುತ್ತಿದ್ದೇನೆ. ಈ ಸಲ ಒಬ್ಬಳೇ ಕೂತು ಬರೆಯುತ್ತಿಲ್ಲ. ಪ್ಲೈವುಡ್ ಹಲಗೆಯನ್ನೂ ತೆಗೆಸಿದ್ದೇವೆ. ಡೈರಿಯ ಹಿಂದಿನ ಪಟ್ಟಿಯಲ್ಲಿ 115ರ ಮುಂದೆ ಇನ್ನೂ ಪ್ರಶ್ನಾರ್ಥಕ ಚಿಹ್ನೆಯಿದೆ. ಅಂಗಾಲಿಗೆ ಸ್ಪರ್ಶ ತಿಳಿಯದಂತಾಗಿತ್ತು ಎಂದು ಆಯಿ ಹೇಳುತ್ತಿದ್ದಿರಬಹುದು ಎನ್ನುತ್ತಾರೆ ಫಿಸಿಯೋಥೆರಪಿಸ್ಟ್. ತಲೆ ಸುತ್ತುವುದಕ್ಕೂ ಹಾಗನ್ನುತ್ತಾರೆ ಎನ್ನುತ್ತಾರೆ ಖಾನಾವಳಿಯ ಸೊಸೆ. ಕೇಳಬೇಕಾದವರನ್ನು ಕೇಳುವ ಹೊತ್ತು ಮುಗಿದಿದೆ.

ಬೀದರ್, ಕಲ್ಯಾಣ, ಹುಮನಾಬಾದ್, ಚಿಟಗುಪ್ಪ ಕಡೆಯ ಓದುಗರಲ್ಲಿ ಯಾರಾದರೂ ತಮ್ಮ ಮನೆಯ ಹಿರಿಯರ ಬಾಯಲ್ಲಿ "ನೆಲ ತಿಳಿವಲ್ದು" ಎಂಬ ಮಾತು ಕೇಳಿದ್ದರೆ, ಯಾವಾಗ ಕೇಳಿದಿರಿ, ಹಾಗೆ ಅಂದಾಗ ಅವರಿಗೆ ಏನಾಗುತ್ತಿತ್ತು, ಆಮೇಲೆ ಏನಾಯಿತು ಎಂಬುದನ್ನು ಬರೆದು ತಿಳಿಸಿ. ನಡೆಯುವುದಕ್ಕೆ, ಏಳುವುದಕ್ಕೆ, ತಡವರಿಸುವುದಕ್ಕೆ ಅವರು ಬಳಸುವ ಬೇರೆ ಮಾತುಗಳಿದ್ದರೆ ಅವನ್ನೂ ಬರೆಯಿರಿ. ಇದು ಎಲ್ಲರಿಗೂ ಗೊತ್ತಿರುವ ಪದ, ಬರೆಯುವುದೇನಿದೆ ಅನ್ನಿಸಿದರೆ, ದಯವಿಟ್ಟು ಅದನ್ನೇ ಮೊದಲು ಬರೆಯಿರಿ.